ಒಂದು ಕಪ್ ಹಿಟ್ಟು ಅಂದರೆ ಎಷ್ಟು ಗ್ರಾಂ?

(ಅಡುಗೆಯಲ್ಲಿ ಆಸಕ್ತಿ ಇರುವವರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ ಇದು. ಆಡಿದ ಮಾತನ್ನು ಓದಲು ಅನುಕೂಲವಾಗುವಂತೆ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮಾತಿಗೆ ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಮೇಜಿನ ಮೇಲೆ ಒಂದು ಡಬ್ಬಿ ಮೈದಾ ಹಿಟ್ಟು ಇದೆ. ಪಕ್ಕದಲ್ಲಿ 240 ಮಿಲಿಲೀಟರಿನ ಒಂದು ಅಳತೆ ಕಪ್ ಮತ್ತು ಒಂದು ಡಿಜಿಟಲ್ ತಕ್ಕಡಿ. ಮೂವರು ಮುಂದೆ ಬನ್ನಿ. ಮನೆಯಲ್ಲಿ ಹೇಗೆ ಅಳೆಯುತ್ತೀರೋ ಹಾಗೇ ಒಂದು ಕಪ್ ಹಿಟ್ಟು ಅಳೆದು ಕೊಡಿ. ಸರಿ, ತಪ್ಪು ಅಂತ ಯೋಚನೆ ಮಾಡಬೇಡಿ.

ಮೊದಲು ಬಂದವರು ಚಮಚದಿಂದ ಹಿಟ್ಟನ್ನು ಮೆಲ್ಲಗೆ ಕಪ್ಪಿಗೆ ಉದುರಿಸಿದರು. ತುಂಬಿ ಗೋಪುರವಾದ ಮೇಲೆ ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಿದರು. ತಕ್ಕಡಿ 118 ಗ್ರಾಂ ತೋರಿಸಿತು. ಎರಡನೆಯವರು ಕಪ್ಪನ್ನೇ ಡಬ್ಬಿಗೆ ಇಳಿಸಿ ಮೊಗೆದು, ಬೆರಳಿನಿಂದ ಸವರಿದರು. 141 ಗ್ರಾಂ. ಮೂರನೆಯವರೂ ಮೊಗೆದರು, ಆದರೆ ಕಪ್ಪನ್ನು ಮೇಜಿಗೆ ಎರಡು ಸಲ ಕುಟ್ಟಿದರು. ಹಿಟ್ಟು ಕೆಳಗಿಳಿಯಿತು. ಖಾಲಿಯಾದ ಜಾಗಕ್ಕೆ ಇನ್ನಷ್ಟು ಹಿಟ್ಟು ಹಾಕಿ ಸವರಿದರು. 152 ಗ್ರಾಂ.

ಅದೇ ಡಬ್ಬಿ, ಅದೇ ಕಪ್. ಮೂವರೂ ಅಳೆದದ್ದು ಒಂದು ಕಪ್ ಹಿಟ್ಟನ್ನೇ. ಯಾರೂ ತಪ್ಪು ಮಾಡಲಿಲ್ಲ. ಆದರೂ ಮೊದಲನೆಯದಕ್ಕೂ ಕೊನೆಯದಕ್ಕೂ 34 ಗ್ರಾಂ ವ್ಯತ್ಯಾಸ ಬಂತು. ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ.

ಈಗ ಇದೇ ಮೂವರು ಸಕ್ಕರೆ ಅಳೆಯಲಿ. ಅದೇ ಕಪ್, ಅವರವರದೇ ರೀತಿ. 201 ಗ್ರಾಂ, 204 ಗ್ರಾಂ, 208 ಗ್ರಾಂ. ನೋಡಿ, ಸಕ್ಕರೆ ಯಾರು ಅಳೆದರೂ ಹೆಚ್ಚುಕಡಿಮೆ ಒಂದೇ. ಕುಟ್ಟಿದರೂ ಅಷ್ಟಾಗಿ ಇಳಿಯಲಿಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದೆಲ್ಲ ಈ ಆರು ಅಂಕಿಗಳಲ್ಲೇ ಇದೆ. "ಒಂದು ಕಪ್ ಎಷ್ಟು ಗ್ರಾಂ?" ಅಂತ ಎಲ್ಲರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕಪ್ಪಿನಲ್ಲಿ ಇಲ್ಲ. ಒಳಗೆ ಏನು ಇದೆ, ಅದು ಹೇಗೆ ಕೂತಿದೆ, ಅದರಲ್ಲಿ ಇದೆ. ಹಾಗಾಗಿ ಬೇರೆ ಯಾರೋ ಮಾಡಿದ ಪಟ್ಟಿಯನ್ನು ನಂಬುವುದಕ್ಕಿಂತ ನಿಮ್ಮ ಕಪ್ಪಿಗೆ, ನಿಮ್ಮ ಕೈಗೆ ಹೊಂದುವ ಪಟ್ಟಿಯನ್ನು ಒಂದು ಸಲ ನೀವೇ ಮಾಡಿಕೊಳ್ಳಿ. ಅರ್ಧ ಗಂಟೆಯ ಕೆಲಸ ಅಷ್ಟೇ.

ಮೊದಲು ಆ 34 ಗ್ರಾಂ ಎಲ್ಲಿಂದ ಬಂತು ಅಂತ ನೋಡೋಣ. ಇದು ನನಗೆ ತುಂಬಾ ಇಷ್ಟದ ವಿಷಯ, ಹಾಗಾಗಿ ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

ಗೋಧಿ ಹಿಟ್ಟಿನ ಒಂದೊಂದು ಕಣವನ್ನೂ ಗಾಳಿಯೇ ಇಲ್ಲದ ಹಾಗೆ ಒತ್ತಿ ಗಟ್ಟಿ ಮಾಡಿದರೆ ಒಂದು ಮಿಲಿಲೀಟರಿನಲ್ಲಿ ಸುಮಾರು 1.45 ಗ್ರಾಂ ಹಿಡಿಸುತ್ತದೆ. ಆ ಲೆಕ್ಕದಲ್ಲಿ 118 ಗ್ರಾಂ ಹಿಟ್ಟಿಗೆ ನಿಜವಾಗಿ ಬೇಕಾದ ಜಾಗ 81 ಮಿಲಿಲೀಟರ್ ಮಾತ್ರ. ಕಪ್ಪಿನಲ್ಲಿ ಇರುವುದು 240. ಉಳಿದ 159 ಮಿಲಿಲೀಟರ್ ಏನು? ಗಾಳಿ. ಮೂರರಲ್ಲಿ ಎರಡು ಪಾಲು ಗಾಳಿಯನ್ನು ನಾವು ಹಿಟ್ಟು ಅಂತ ಅಳೆಯುತ್ತಿದ್ದೇವೆ. ಕುಟ್ಟಿ ತುಂಬಿದ ಕಪ್ಪಿನಲ್ಲೂ ಅರ್ಧಕ್ಕಿಂತ ಜಾಸ್ತಿ ಗಾಳಿಯೇ.

ಸಕ್ಕರೆಯಲ್ಲೂ ಗಾಳಿ ಇದೆ. ಸಕ್ಕರೆ ಹರಳಿನ ಸಾಂದ್ರತೆ, ಅಂದರೆ ಒಂದು ಮಿಲಿಲೀಟರಿನಲ್ಲಿ ಹಿಡಿಸುವ ಗ್ರಾಂ, ಸುಮಾರು 1.59. ಲೆಕ್ಕ ಹಾಕಿದರೆ ಕಪ್ಪಿನ ಅರ್ಧದ ಹತ್ತಿರ ಗಾಳಿ ಬರುತ್ತದೆ. ಹಾಗಾದರೆ ಸಕ್ಕರೆ ಯಾಕೆ ಕುಟ್ಟಿದರೂ ಬಗ್ಗಲಿಲ್ಲ, ಹಿಟ್ಟು ಯಾಕೆ ಇಳಿಯಿತು?

ಒಂದು ಪಾತ್ರೆಗೆ ಗೋಲಿಗಳನ್ನು ಸುರಿಯಿರಿ. ಅಲುಗಾಡಿಸಿ ಕೂರಿಸಿದರೆ ಪಾತ್ರೆಯ ಸುಮಾರು ನೂರಕ್ಕೆ 64 ಭಾಗ ಗೋಲಿ, ಉಳಿದದ್ದು ಸಂದಿ. ಒಂದೊಂದನ್ನೇ ಕೈಯಿಂದ ಅಚ್ಚುಕಟ್ಟಾಗಿ ಜೋಡಿಸಿದರೂ 74 ದಾಟುವುದಿಲ್ಲ. ಇದನ್ನು 1611ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಊಹಿಸಿದ್ದ. ಅದಕ್ಕೆ ಗಣಿತದ ಪುರಾವೆ ಸಿಕ್ಕಿದ್ದು 1998ರಲ್ಲಿ, ಗಣಿತಜ್ಞ ಥಾಮಸ್ ಹೇಲ್ಸ್ ಅವರಿಂದ. ಗೋಲಿ ತುಂಬುವ ಲೆಕ್ಕಕ್ಕೆ ಹತ್ತಿರ ಹತ್ತಿರ ನಾನೂರು ವರ್ಷ ಬೇಕಾಯಿತು. ನಮಗೆ ಬೇಕಾದ ಮಾತು ಏನೆಂದರೆ, ಗೋಲಿ ದೊಡ್ಡದಾದರೂ ಚಿಕ್ಕದಾದರೂ ಈ ಭಾಗ ಬದಲಾಗುವುದಿಲ್ಲ. ಹಾಗಾಗಿ ಸಕ್ಕರೆ ಸ್ವಲ್ಪ ದಪ್ಪವಿರಲಿ, ಸ್ವಲ್ಪ ಸಣ್ಣಗಿರಲಿ, ಕಪ್ಪಿನ ತೂಕ ಹೆಚ್ಚು ಬದಲಾಗುವುದಿಲ್ಲ. ಹರಳುಗಳು ಒಂದರ ಮೇಲೊಂದು ಜಾರಿ ತಮ್ಮಷ್ಟಕ್ಕೇ ಕೂತುಬಿಡುತ್ತವೆ.

ಹಿಟ್ಟಿನ ಕಥೆ ಬೇರೆ. ಕಣ ತೀರಾ ಸಣ್ಣದಾದಾಗ ಅದರ ತೂಕಕ್ಕಿಂತ ಪಕ್ಕದ ಕಣಕ್ಕೆ ಅಂಟಿಕೊಳ್ಳುವ ಶಕ್ತಿಯೇ ಜಾಸ್ತಿಯಾಗುತ್ತದೆ. ಜಾರಿ ಕೆಳಗೆ ಹೋಗಬೇಕಾದ ಕಣ ಪಕ್ಕದ್ದನ್ನು ಹಿಡಿದುಕೊಂಡು ಅಲ್ಲೇ ನಿಲ್ಲುತ್ತದೆ. ಸಣ್ಣ ಸಣ್ಣ ಕಮಾನುಗಳು ಕಟ್ಟಿಕೊಳ್ಳುತ್ತವೆ, ಅವುಗಳ ಕೆಳಗೆ ಗಾಳಿ ಉಳಿಯುತ್ತದೆ. ಮೇಜಿಗೆ ಒಂದು ಸಲ ಕುಟ್ಟಿದರೆ ಆ ಕಮಾನುಗಳು ಮುರಿದು ಹಿಟ್ಟು ಇಳಿಯುತ್ತದೆ. ಜರಡಿ ಹಿಡಿದರೆ ಮತ್ತೆ ಗಾಳಿ ತುಂಬುತ್ತದೆ.

ಇದಕ್ಕೆ ಪುಡಿ ಸಕ್ಕರೆಗಿಂತ ಒಳ್ಳೆಯ ಸಾಕ್ಷಿ ಬೇಡ. ಸಕ್ಕರೆಯನ್ನು ನುಣ್ಣಗೆ ಪುಡಿ ಮಾಡಿ. ಪದಾರ್ಥ ಅದೇ, ಸಿಹಿ ಅದೇ. ಆದರೆ 200 ಗ್ರಾಂ ತೂಗುತ್ತಿದ್ದ ಕಪ್ ಈಗ 120 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. "ಒಂದು ಕಪ್ ಸಕ್ಕರೆ ಅಂದರೆ ಒಂದು ಕಪ್ ಪುಡಿ ಸಕ್ಕರೆ ತಾನೇ" ಅಂತ ಹಾಕಿದವರ ಕೇಕು ಯಾಕೆ ಸಪ್ಪೆಯಾಯಿತು ಅಂತ ಈಗ ಗೊತ್ತಾಯಿತು ಅಲ್ವಾ?

ಹೀಗಾಗಿ ಅಡುಗೆಮನೆಯ ಸಾಮಾನುಗಳನ್ನು ನಾನು ಮನಸ್ಸಿನಲ್ಲೇ ಎರಡು ಗುಂಪು ಮಾಡಿಕೊಂಡಿದ್ದೇನೆ. ಸಕ್ಕರೆ, ಅಕ್ಕಿ, ಪುಡಿ ಉಪ್ಪು, ಎಣ್ಣೆ, ಹಾಲು, ಜೇನುತುಪ್ಪ ಇವು ಕಪ್ಪಿನಲ್ಲಿ ನಂಬಿಕಸ್ತ ಸಾಮಾನು. ಹಿಟ್ಟು, ಕೋಕೋ ಪುಡಿ, ಪುಡಿ ಸಕ್ಕರೆ, ಹೆಚ್ಚಿದ ಸೊಪ್ಪು, ತುರಿದ ಚೀಸ್ ಇವನ್ನು ಕಪ್ಪಿನಲ್ಲಿ ಅಳೆದರೆ ಕೈಕೊಡುತ್ತವೆ. ಇವನ್ನು ತೂಕ ಮಾಡಲೇಬೇಕು.

ಲೆಕ್ಕದ ಸೂತ್ರ ಒಂದೇ ಸಾಲಿನದು. ಮಿಲಿಲೀಟರನ್ನು ಸಾಂದ್ರತೆಯಿಂದ ಗುಣಿಸಿದರೆ ಗ್ರಾಂ. ಗ್ರಾಂ ಅನ್ನು ಸಾಂದ್ರತೆಯಿಂದ ಭಾಗಿಸಿದರೆ ಮಿಲಿಲೀಟರ್. ನೀರಿಗೆ ಸಾಂದ್ರತೆ 1, ಹಾಗಾಗಿ 240 ಮಿಲಿಲೀಟರ್ ನೀರು 240 ಗ್ರಾಂ. ಅಡುಗೆ ಎಣ್ಣೆಗೆ 0.92, ಅದೇ ಕಪ್ಪಿಗೆ 221 ಗ್ರಾಂ. ಹಾಲಿಗೆ 1.03, ಅಂದರೆ 247 ಗ್ರಾಂ. ಜೇನುತುಪ್ಪಕ್ಕೆ ಸುಮಾರು 1.42, ಅಂದರೆ 341 ಗ್ರಾಂ. ಎಣ್ಣೆಗೂ ಜೇನಿಗೂ ಒಂದೇ ಕಪ್ಪಿನಲ್ಲಿ 120 ಗ್ರಾಂ ವ್ಯತ್ಯಾಸ! ಆದರೆ ದ್ರವದಲ್ಲಿ ಗಾಳಿಯ ಕಾಟ ಇಲ್ಲ. ಒಂದು ಸಲ ಅಂಕಿ ಗೊತ್ತಾದರೆ ಮುಗಿಯಿತು. ನಿಮ್ಮ ಮನೆಯಲ್ಲೂ ಅದೇ, ನಮ್ಮ ಮನೆಯಲ್ಲೂ ಅದೇ.

ನೀರಿಗೆ ಸರಿಯಾಗಿ 1 ಬಂದದ್ದು ಆಕಸ್ಮಿಕ ಅಲ್ಲ. 1795ರಲ್ಲಿ ಫ್ರಾನ್ಸಿನಲ್ಲಿ ಗ್ರಾಂ ಅನ್ನುವ ಅಳತೆಯನ್ನು ಕಾನೂನು ಮಾಡಿ ತಂದಾಗ, ಒಂದು ಘನ ಸೆಂಟಿಮೀಟರ್ ನೀರಿನ ತೂಕವೇ ಒಂದು ಗ್ರಾಂ ಅಂತ ಗೊತ್ತು ಮಾಡಿದರು. ಅಂದರೆ ತೂಕ ಮತ್ತು ಅಳತೆಯ ಗಂಟು ಹಾಕಿದ್ದೇ ನೀರಿನಿಂದ. 1901ರಿಂದ 1964ರವರೆಗೆ ಲೀಟರನ್ನೂ ಒಂದು ಕಿಲೋ ನೀರು ಹಿಡಿಸುವ ಜಾಗ ಅಂತಲೇ ಹೇಳುತ್ತಿದ್ದರು. ಈಗ ಆ ಗಂಟು ಬಿಚ್ಚಿದೆ. 2019ರ ಮೇ 20ರಿಂದ ಕಿಲೋಗ್ರಾಂ ಅನ್ನು ಪ್ಲಾಂಕ್ ಸ್ಥಿರಾಂಕ ಅನ್ನುವ, ಭೌತವಿಜ್ಞಾನದ ಎಂದೂ ಬದಲಾಗದ ಒಂದು ಅಂಕಿಯ ಮೂಲಕ ಹೇಳುತ್ತಾರೆ. ಅಡುಗೆಮನೆಯಲ್ಲಿ ಮಾತ್ರ ಹಳೆಯ ಗಂಟೇ ಸಾಕು. ನಿಮ್ಮ ತಕ್ಕಡಿ ಸರಿ ಇದೆಯಾ, ಕಪ್ ಸರಿ ಇದೆಯಾ ಅಂತ ನೋಡಲು ನೀರಿಗಿಂತ ಸುಲಭದ ಸಾಧನ ಇಲ್ಲ.

ಕಪ್ ಸರಿ ಇದೆಯಾ ಅಂತ ಯಾಕೆ ನೋಡಬೇಕು? ಯಾಕೆಂದರೆ ಜಗತ್ತಿನಲ್ಲಿ ಕಪ್ ಒಂದೇ ಅಲ್ಲ. ಅಮೆರಿಕದ ಅಡುಗೆ ಕಪ್ 236.6 ಮಿಲಿಲೀಟರ್. ಅದೇ ದೇಶದಲ್ಲಿ ಆಹಾರದ ಪೊಟ್ಟಣದ ಮೇಲೆ ಪೋಷಕಾಂಶ ಬರೆಯುವಾಗ ಕಪ್ ಅಂದರೆ 240. ಆಸ್ಟ್ರೇಲಿಯಾದಲ್ಲಿ 250. ಜಪಾನಿನಲ್ಲಿ 200. ಬ್ರಿಟನ್ನಿನ ಹಳೆಯ ಪುಸ್ತಕಗಳಲ್ಲಿ ಅರ್ಧ ಪಿಂಟ್, ಅಂದರೆ 284. ಎಲೆಕ್ಟ್ರಿಕ್ ರೈಸ್ ಕುಕ್ಕರ್ ಜೊತೆ ಬರುವ ಪ್ಲಾಸ್ಟಿಕ್ ಕಪ್ ಸಾಮಾನ್ಯವಾಗಿ 180. ಕುಕ್ಕರಿನ ಒಳಗೋಡೆಯ ಮೇಲಿರುವ ಗೆರೆಗಳು ಆ ಕಪ್ಪಿಗೇ ಲೆಕ್ಕ. ಅಕ್ಕಿಯನ್ನು 240ರ ಕಪ್ಪಿನಲ್ಲಿ ಅಳೆದು ನೀರನ್ನು ಆ ಗೆರೆಗೆ ಹಾಕಿದರೆ ಅನ್ನ ಅರೆಬೆಂದಂತಾಗುತ್ತದೆ. ಕುಕ್ಕರಿನ ತಪ್ಪಲ್ಲ, ಎರಡು ಬೇರೆ ಬೇರೆ ಕಪ್ ಬೆರೆತು ಹೋದದ್ದು.

ಕಪ್ಪಿಗಿಂತ ದೊಡ್ಡ ಮೋಸ ಆಗುವುದು ಚಮಚದಲ್ಲಿ. ಚಿಕ್ಕ ಚಮಚ, ಅಂದರೆ ಟೀ ಚಮಚ, ಈಗ ಬಹುತೇಕ ಕಡೆ 5 ಮಿಲಿಲೀಟರ್. ದೊಡ್ಡ ಚಮಚ, ಅಂದರೆ ಟೇಬಲ್ ಚಮಚ, ಸಾಮಾನ್ಯವಾಗಿ 15. ಆಸ್ಟ್ರೇಲಿಯಾದಲ್ಲಿ ಮಾತ್ರ ಅದು 20. ಮೂರು ಚಿಕ್ಕ ಚಮಚವಲ್ಲ, ನಾಲ್ಕು. ಬೇಕಿಂಗ್ ಪೌಡರ್ ಅಥವಾ ಉಪ್ಪು ಹಾಕುವಾಗ ಮೂರರ ಜಾಗದಲ್ಲಿ ನಾಲ್ಕು ಬಿದ್ದರೆ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ. ಇನ್ನು ಊಟದ ಚಮಚ ಅಳತೆಯೇ ಅಲ್ಲ. ಅದರ ಆಳ ಒಂದೊಂದು ಕಂಪನಿಗೆ ಒಂದೊಂದು ಥರ. ಸಾರು ರುಚಿ ನೋಡಲು ಇಟ್ಟುಕೊಳ್ಳಿ. ಔಷಧಿ ಅಳೆಯಲು ಮಾತ್ರ ಅದನ್ನು ದಯವಿಟ್ಟು ಬಳಸಬೇಡಿ.

ಉಪ್ಪಿನದು ಇನ್ನೊಂದು ಮಾತು. ಪುಡಿ ಉಪ್ಪು ಒಂದು ಚಿಕ್ಕ ಚಮಚಕ್ಕೆ ಸುಮಾರು 6 ಗ್ರಾಂ. ಚಕ್ಕೆ ಚಕ್ಕೆಯಾಗಿರುವ ಹಗುರ ಉಪ್ಪು ಅದೇ ಚಮಚದಲ್ಲಿ 3 ಗ್ರಾಂ ಹತ್ತಿರ ಇರಬಹುದು. ಗ್ರಾಂ ಲೆಕ್ಕದಲ್ಲಿ ಹಾಕಿದರೆ ಎರಡೂ ಒಂದೇ ಉಪ್ಪು. ಚಮಚದ ಲೆಕ್ಕದಲ್ಲಿ ಒಂದು ಇನ್ನೊಂದರ ಎರಡರಷ್ಟು.

ಈಗ ಔನ್ಸ್. ಇದು ನನ್ನ ಕೈಯನ್ನೇ ಸುಟ್ಟ ಅಳತೆ. ಅಕ್ಕ ಒಂದು ನೋಟ್ ಪುಸ್ತಕದಲ್ಲಿ ಕೇಕಿನ ವಿಧಾನ ಬರೆದಿಟ್ಟಿದ್ದಳು. "ಹಿಟ್ಟು 8 ಔನ್ಸ್, ಬೆಣ್ಣೆ 8 ಔನ್ಸ್, ಸಕ್ಕರೆ 8 ಔನ್ಸ್, ಮೊಟ್ಟೆ 4." ಎಂಟು ಔನ್ಸ್ ಅಂದರೆ ಒಂದು ಕಪ್ ಅಂತ ನನಗೆ ಗೊತ್ತಿತ್ತು. ಕಪ್ಪಿನ ಮೇಲೇ ಹಾಗೆ ಬರೆದಿತ್ತು. ಎಲ್ಲವನ್ನೂ ಒಂದೊಂದು ಕಪ್ ಹಾಕಿದೆ. ಬೆಣ್ಣೆ ಸರಿಯಾಗಿಯೇ ಬಿತ್ತು. ಸಕ್ಕರೆ ಸ್ವಲ್ಪ ಕಡಿಮೆ. ಹಿಟ್ಟು ಅರ್ಧಕ್ಕೆ ಹತ್ತಿರ! ಒಲೆಯ ಗಾಜಿನ ಬಾಗಿಲ ಮುಂದೆ ಕೂತು ನೋಡುತ್ತಿದ್ದೆ. ಮೊದಲು ಚೆನ್ನಾಗಿ ಉಬ್ಬಿತು. ಆಮೇಲೆ ನಡುವೆ ಒಂದು ಗುಳಿ ಬಿತ್ತು. ಅಂಚಿನಲ್ಲಿ ಬೆಣ್ಣೆ ಬಿಟ್ಟುಕೊಂಡು ಗುಳ್ಳೆ ಏಳತೊಡಗಿತು. ತೆಗೆದಾಗ ಕೇಕು ಅನ್ನುವುದಕ್ಕಿಂತ ಎಣ್ಣೆಯಲ್ಲಿ ನೆನೆದ ಹೊದಿಕೆಯ ಹಾಗಿತ್ತು.

ಆಗಿದ್ದು ಇಷ್ಟೇ. ಔನ್ಸ್ ಎರಡು ಇವೆ. ತೂಕದ ಔನ್ಸ್ 28.35 ಗ್ರಾಂ. ದ್ರವ ಅಳೆಯುವ ಔನ್ಸ್ ಜಾಗದ ಅಳತೆ, ಅಮೆರಿಕದ್ದು 29.57 ಮಿಲಿಲೀಟರ್, ಬ್ರಿಟನ್ನಿನದು 28.41. ಅಕ್ಕ ಬರೆದದ್ದು ತೂಕದ ಔನ್ಸ್, ಅಂದರೆ 227 ಗ್ರಾಂ ಹಿಟ್ಟು. ನಾನು ಹಾಕಿದ್ದು ದ್ರವದ ಔನ್ಸ್ ಲೆಕ್ಕದ ಒಂದು ಕಪ್, ಅಂದರೆ 125 ಗ್ರಾಂ ಹಿಟ್ಟು. ಒಂದೇ ಹೆಸರು ಯಾಕೆ ಬಂತು ಅಂತ ಆಮೇಲೆ ಹುಡುಕಿದೆ. ಅಲ್ಲೂ ನೀರೇ ಕಾರಣ. 1824ರಲ್ಲಿ ಬ್ರಿಟನ್ನಿನ ಕಾಯಿದೆ ಹತ್ತು ಪೌಂಡ್ ನೀರು ಹಿಡಿಸುವ ಜಾಗವನ್ನು ಒಂದು ಗ್ಯಾಲನ್ ಅಂದಿತು. ಅದರಿಂದ ಒಂದು ಔನ್ಸ್ ತೂಕದ ನೀರು ಹಿಡಿಸುವ ಜಾಗ ಒಂದು ದ್ರವ ಔನ್ಸ್ ಆಯಿತು. ನೀರಿಗೆ ಎರಡೂ ಒಂದೇ. ಹಿಟ್ಟಿಗೆ ಅಲ್ಲ. ಹಾಗಾಗಿ ಬರಿ ಔನ್ಸ್ ಅಂತ ಕಂಡರೆ, ಹಾಲು ಎಣ್ಣೆಯಂಥ ದ್ರವಕ್ಕೆ ಹೇಳಿದ್ದಾ, ಹಿಟ್ಟು ಬೆಣ್ಣೆಯಂಥ ಗಟ್ಟಿ ಸಾಮಾನಿಗೆ ಹೇಳಿದ್ದಾ ಅಂತ ಮೊದಲು ನೋಡಿ. ಗಟ್ಟಿ ಸಾಮಾನಿಗೆ ಹೇಳಿದ್ದರೆ ಹೆಚ್ಚಾಗಿ ಅದು ತೂಕವೇ ಆಗಿರುತ್ತದೆ.

ಇಷ್ಟೆಲ್ಲ ಗೊಂದಲ ಇದ್ದರೂ ಕಪ್ ಅಳತೆ ಹೇಗೆ ಉಳಿಯಿತು ಅಂದರೆ, ಅದು ಎಲ್ಲರ ಕೈಗೂ ಸಿಗುತ್ತಿತ್ತು. ತಕ್ಕಡಿ ಸಿಗುತ್ತಿರಲಿಲ್ಲ. 1896ರಲ್ಲಿ ಬಾಸ್ಟನ್ನಿನ ಅಡುಗೆ ಶಾಲೆಯ ಮುಖ್ಯಸ್ಥೆ ಫ್ಯಾನಿ ಫಾರ್ಮರ್ ತಮ್ಮ ಪುಸ್ತಕದಲ್ಲಿ ಕಪ್ಪನ್ನೂ ಚಮಚವನ್ನೂ ಸವರಿ ಮಟ್ಟ ಮಾಡಿಯೇ ಅಳೆಯಬೇಕು ಅಂತ ಹಟ ಹಿಡಿದು ಹೇಳಿದರು. ಅದಕ್ಕೆ ಮೊದಲು ವಿಧಾನಗಳಲ್ಲಿ ಟೀ ಕಪ್ಪಿನಷ್ಟು, ಬೆಣ್ಣೆಗಾದರೆ ಮೊಟ್ಟೆ ಗಾತ್ರದಷ್ಟು ಅಂತೆಲ್ಲ ಬರೆಯುವುದು ಸಾಮಾನ್ಯವಾಗಿತ್ತು. ಸವರಿ ಮಟ್ಟ ಮಾಡಿದ್ದು ಆ ಕಾಲಕ್ಕೆ ದೊಡ್ಡ ಹೆಜ್ಜೆ. ನಾನು ಅವರನ್ನು ತುಂಬಾ ಗೌರವದಿಂದ ನೆನೆಯುತ್ತೇನೆ. ಆದರೆ ಸವರುವುದರಿಂದ ಕಪ್ಪಿನ ಮೇಲ್ಭಾಗ ಮಾತ್ರ ಮಟ್ಟವಾಗುತ್ತದೆ, ಒಳಗಿನ ಗಾಳಿ ಹಾಗೇ ಇರುತ್ತದೆ.

34 ಗ್ರಾಂ ಏನು ಮಹಾ ಅಂತ ಅನ್ನಿಸಬಹುದು. ಬ್ರೆಡ್ ಲೆಕ್ಕ ನೋಡಿ. ನಾಲ್ಕು ಕಪ್ ಹಿಟ್ಟು, 325 ಗ್ರಾಂ ನೀರು ಅಂತ ಇಟ್ಟುಕೊಳ್ಳಿ. ಮೊದಲು ಬಂದವರ ನಾಲ್ಕು ಕಪ್ ಅಂದರೆ 472 ಗ್ರಾಂ. ಹಿಟ್ಟಿನ ನೂರು ಭಾಗಕ್ಕೆ ನೀರು 69 ಭಾಗ. ಹಿಟ್ಟು ಮೆತ್ತಗೆ, ಕೈಗೆ ಅಂಟುತ್ತದೆ, ಬೆಂದರೆ ಒಳಗೆ ದೊಡ್ಡ ತೂತುಗಳು. ಮೂರನೆಯವರ ನಾಲ್ಕು ಕಪ್ 608 ಗ್ರಾಂ. ನೀರು 53 ಭಾಗ. ನಾದಲು ಮಣಿಕಟ್ಟು ನೋಯುತ್ತದೆ, ಬ್ರೆಡ್ ಗಟ್ಟಿ ಇಟ್ಟಿಗೆ. ಇಬ್ಬರೂ ಒಂದೇ ವಿಧಾನ ಓದಿ ಮಾಡಿದ್ದು. ಒಬ್ಬರು "ತುಂಬಾ ನೀರಾಯಿತು" ಅನ್ನುತ್ತಾರೆ, ಇನ್ನೊಬ್ಬರು "ನೀರು ಸಾಲಲೇ ಇಲ್ಲ" ಅನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಇದಕ್ಕೇ ಬೇಕರಿ ಕೆಲಸದವರು ಹಿಟ್ಟನ್ನು ನೂರು ಅಂತ ಹಿಡಿದು ಉಳಿದದ್ದನ್ನೆಲ್ಲ ಅದರ ಶೇಕಡಾ ಲೆಕ್ಕದಲ್ಲಿ ತೂಗುತ್ತಾರೆ. 500 ಗ್ರಾಂ ಹಿಟ್ಟಿಗೆ 65 ಶೇಕಡಾ ನೀರು ಅಂದರೆ 325 ಗ್ರಾಂ. ಹಿಟ್ಟು ಕಿಲೋ ಆದರೆ 650. ಅಷ್ಟೇ ಲೆಕ್ಕ.

ವಿಧಾನ ಓದುವಾಗ ಪದಗಳ ಜಾಗವನ್ನೂ ಗಮನಿಸಿ. "ಜರಡಿ ಹಿಡಿದ ಹಿಟ್ಟು ಒಂದು ಕಪ್" ಅಂದರೆ ಮೊದಲು ಜರಡಿ, ಆಮೇಲೆ ಅಳತೆ. "ಒಂದು ಕಪ್ ಹಿಟ್ಟು, ಜರಡಿ ಹಿಡಿದುಕೊಳ್ಳಿ" ಅಂದರೆ ಮೊದಲು ಅಳತೆ. ಎರಡೂ ಒಂದೇ ಥರ ಕೇಳಿಸುತ್ತವೆ, ತೂಕದಲ್ಲಿ ಹದಿನೈದು ಇಪ್ಪತ್ತು ಗ್ರಾಂ ವ್ಯತ್ಯಾಸ ಬಂದೇ ಬರುತ್ತದೆ. ಹೆಚ್ಚಿದ ಬೀಜಗಳಿಗೂ ಇದೇ ಮಾತು.

ಈಗ ಪಟ್ಟಿ ಮಾಡುವ ಕೆಲಸ. ಮೊದಲು ನಿಮ್ಮ ಕಪ್ಪಿನ ಗುರುತು ಹಿಡಿಯಿರಿ. ಖಾಲಿ ಕಪ್ಪನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಅಂಚಿನವರೆಗೆ ನೀರು ತುಂಬಿಸಿ. ತೋರಿಸುವ ಗ್ರಾಂ ಎಷ್ಟೋ ನಿಮ್ಮ ಕಪ್ ಹೆಚ್ಚುಕಡಿಮೆ ಅಷ್ಟೇ ಮಿಲಿಲೀಟರ್. ನೀರು ತಣ್ಣಗಿರಲಿ. ಕುದಿಯುವ ನೀರು ಅದೇ ಜಾಗದಲ್ಲಿ ನೂರಕ್ಕೆ ನಾಲ್ಕರಷ್ಟು ಹಗುರ.

ಆಮೇಲೆ ನೀವು ಜಾಸ್ತಿ ಬಳಸುವ ಹತ್ತೋ ಹನ್ನೆರಡೋ ಸಾಮಾನು ತೆಗೆದುಕೊಳ್ಳಿ. ಒಂದೊಂದನ್ನೂ ನಿಮ್ಮ ರೂಢಿಯಂತೆ ಮೂರು ಸಲ ಕಪ್ಪಿನಲ್ಲಿ ಅಳೆದು ಮೂರು ಸಲವೂ ತೂಗಿ. ನಡುವಿನ ಅಂಕಿಯನ್ನು ಬರೆದುಕೊಳ್ಳಿ. ಮೂರೂ ಹತ್ತಿರ ಹತ್ತಿರ ಬಂದರೆ ಆ ಸಾಮಾನನ್ನು ಕಪ್ಪಿನಲ್ಲೇ ಅಳೆಯಬಹುದು. ದೂರ ದೂರ ಬಂದರೆ ಅದರ ಮುಂದೆ ಒಂದು ಚುಕ್ಕಿ ಇಡಿ, ಇನ್ನು ಮುಂದೆ ಅದನ್ನು ತಕ್ಕಡಿಯಲ್ಲೇ ಹಾಕಿ. ಈ ಪಟ್ಟಿಯನ್ನು ಹಿಟ್ಟಿನ ಡಬ್ಬಿ ಇರುವ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಪುಸ್ತಕದಲ್ಲಿ ಬರೆದರೆ ಹಿಟ್ಟು ಮೆತ್ತಿದ ಕೈಯಲ್ಲಿ ಪುಟ ತಿರುಗಿಸಬೇಕಾಗುತ್ತದೆ.

ತಕ್ಕಡಿಗೂ ಅದರದೇ ದೌರ್ಬಲ್ಯ ಇದೆ. ಸಾಮಾನ್ಯ ಅಡುಗೆಮನೆ ತಕ್ಕಡಿ ಒಂದು ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದು 2 ಗ್ರಾಂ ಅಂದರೆ ನಿಜವಾಗಿ ಒಂದೂವರೆ ಇರಬಹುದು, ಎರಡೂವರೆ ಇರಬಹುದು. ಯೀಸ್ಟ್, ಬೇಕಿಂಗ್ ಸೋಡಾದಂಥ ಚಿಟಿಕೆ ಸಾಮಾನಿಗೆ ಸವರಿದ ಅಳತೆ ಚಮಚವೇ ಮೇಲು. ಇನ್ನೊಂದು ವಿಷಯ. ಸೊನ್ನೆಯ ಹತ್ತಿರ ತೀರಾ ನಿಧಾನವಾಗಿ ಚೂರು ಚೂರೇ ಉದುರಿಸಿದರೆ ಕೆಲವು ತಕ್ಕಡಿಗಳು ಅದನ್ನು ಗಮನಿಸುವುದೇ ಇಲ್ಲ, ಸೊನ್ನೆಯಲ್ಲೇ ನಿಂತಿರುತ್ತವೆ. ಚಿಕ್ಕ ಬಟ್ಟಲಿನಲ್ಲಿ ಬೇರೆಯಾಗಿ ಹಾಕಿ ಒಟ್ಟಿಗೆ ಇಡಿ.

ಕೆಲವು ತಕ್ಕಡಿಗಳಲ್ಲಿ ಇರುವ ಮಿಲಿಲೀಟರ್ ಗುಂಡಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ತಕ್ಕಡಿಗೆ ಕಣ್ಣಿಲ್ಲ. ಮೇಲಿಟ್ಟದ್ದು ಎಣ್ಣೆಯೋ ಜೇನೋ ಅದಕ್ಕೆ ತಿಳಿಯದು. ಆ ಗುಂಡಿ ಒತ್ತಿದರೆ ಅದು ಎಲ್ಲವನ್ನೂ ನೀರು ಅಂದುಕೊಂಡು ಲೆಕ್ಕ ಹೇಳುತ್ತದೆ. ಕೆಲವದರಲ್ಲಿ ಹಾಲಿಗೆ ಬೇರೆ ಗುಂಡಿ ಇರುತ್ತದೆ, ಅಷ್ಟೇ. 100 ಮಿಲಿಲೀಟರ್ ಅಂತ ತೋರಿಸುವಾಗ ಬಟ್ಟಲಿನಲ್ಲಿ ಎಣ್ಣೆ ಇದ್ದರೆ ಅದು ನಿಜವಾಗಿ 109. ಜೇನು ಇದ್ದರೆ ಬರಿ 70.

ಇನ್ನು ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳು.

ಹಿರಿಯರೊಬ್ಬರು ಕೇಳಿದರು, "ತಕ್ಕಡಿ ಇಲ್ಲದೆ ಫ್ರಿಜ್ಜಿನಿಂದ ತೆಗೆದ ಗಟ್ಟಿ ಬೆಣ್ಣೆಯನ್ನು ಅಳೆಯುವುದು ಹೇಗೆ?" ಗೆರೆ ಇರುವ ದೊಡ್ಡ ಅಳತೆ ಜಾಡಿಗೆ ಒಂದು ಕಪ್ ತಣ್ಣೀರು ಹಾಕಿ. ಬೆಣ್ಣೆ ತುಂಡುಗಳನ್ನು ಬಿಡುತ್ತಾ ಹೋಗಿ. ನೀರು ಒಂದೂವರೆ ಕಪ್ಪಿನ ಗೆರೆಗೆ ಏರಿದಾಗ ಒಳಗಿರುವುದು ಅರ್ಧ ಕಪ್ ಬೆಣ್ಣೆ, ಸುಮಾರು 113 ಗ್ರಾಂ. ಆದರೆ ಬೆಣ್ಣೆ ತೇಲುತ್ತದೆ. ಚಮಚದ ತುದಿಯಿಂದ ಅದನ್ನು ನೀರಿನೊಳಗೆ ಪೂರ್ತಿ ಮುಳುಗಿಸಿ ಹಿಡಿದು ಗೆರೆ ನೋಡಬೇಕು, ಕಣ್ಣನ್ನು ಗೆರೆಯ ಮಟ್ಟಕ್ಕೇ ತಂದು. ಮೇಲಿನಿಂದ ಬಗ್ಗಿ ನೋಡಿದರೆ ಅಂಕಿ ತಪ್ಪುತ್ತದೆ.

ಒಬ್ಬ ಹುಡುಗ ಕೇಳಿದ, "ಹಾಗಾದರೆ ಕಪ್ ಬಿಟ್ಟೇ ಬಿಡಬೇಕಾ?" ಬೇಡ. ಒಂದು ಪಾಲು ಅಕ್ಕಿಗೆ ಎರಡು ಪಾಲು ನೀರು ಅನ್ನುವಂಥ ಕಡೆ ಕಪ್ಪಿಗಿಂತ ಸುಲಭ ಯಾವುದೂ ಇಲ್ಲ. ಅಲ್ಲಿ ಬೇಕಾದದ್ದು ಪಾಲು ಮಾತ್ರ. ಎರಡಕ್ಕೂ ಒಂದೇ ಕಪ್ ಬಳಸಿದರೆ ಅದು 180 ಆಗಿರಲಿ, 250 ಆಗಿರಲಿ, ಚಿಂತೆಯಿಲ್ಲ. ಅಡುಗೆಯ ನಡುವೆ ರುಚಿ ನೋಡಿ ಸರಿ ಮಾಡಬಹುದಾದ ಕಡೆಯೂ ಸುಮ್ನೆ ಗ್ರಾಂ ಲೆಕ್ಕ ಹಿಡಿದು ಕೂರಬೇಕಾಗಿಲ್ಲ. ಒಲೆಯೊಳಗೆ ಇಟ್ಟ ಮೇಲೆ ಕೈ ಹಾಕಲಾಗದ ಪದಾರ್ಥಕ್ಕೆ ತೂಕ ಬೇಕು.

ಇನ್ನೊಬ್ಬರದು ಮೊಟ್ಟೆಯ ಪ್ರಶ್ನೆ. ಮೂರು ಮೊಟ್ಟೆಯ ಕೇಕನ್ನು ಅರ್ಧ ಮಾಡಬೇಕು, ಒಂದೂವರೆ ಮೊಟ್ಟೆ ಹೇಗೆ? ಎರಡು ಮೊಟ್ಟೆ ಒಡೆದು ಚೆನ್ನಾಗಿ ಕದಡಿ ತೂಗಿ. ದೊಡ್ಡ ಮೊಟ್ಟೆಯ ಸಿಪ್ಪೆ ತೆಗೆದ ತೂಕ ಸುಮಾರು 50 ಗ್ರಾಂ. ಎರಡೂ ಸೇರಿ 100 ಬಂದರೆ 75 ಗ್ರಾಂ ಹಾಕಿ. ಉಳಿದ 25 ಗ್ರಾಂ ಬ್ರೆಡ್ಡಿನ ಮೇಲೆ ಸವರಲು ಆಗುತ್ತದೆ.

ಕೊನೆಗೆ ಒಬ್ಬ ಅಜ್ಜಿ ಮುಂದೆ ಬಂದರು. ಕೈಚೀಲದಿಂದ ಒಂದು ಹಳೆಯ ಸ್ಟೀಲ್ ಲೋಟ ತೆಗೆದರು. ಅಂಚು ಒಂದು ಕಡೆ ಸ್ವಲ್ಪ ನಗ್ಗಿತ್ತು. "ನಲವತ್ತು ವರ್ಷದಿಂದ ಇದೇ ನನ್ನ ಕಪ್ಪು. ಮೊಮ್ಮಗಳು ಫೋನಿನಲ್ಲಿ ಗ್ರಾಂ ಕೇಳ್ತಾಳೆ, ನಾನು ಏನು ಹೇಳಲಿ?" ಅಂದರು. ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ನೀರು ತುಂಬಿಸಿದೆವು. 212. ಒರೆಸಿ ಒಣಗಿಸಿ, ಈಗ ಹಿಟ್ಟು ಅಳೆಯಿರಿ ಅಜ್ಜಿ ಅಂದೆ. ಅವರು ಮೊಗೆದರು, ಹೆಬ್ಬೆರಳಿನಿಂದ ಒಂದೇ ಸಲ ಸವರಿದರು. 126. ಮತ್ತೆ ಮಾಡಿಸಿದೆ. 127. ಮೂರನೇ ಸಲವೂ 126. ಹಿಟ್ಟಿನಲ್ಲಿ ಅಷ್ಟು ಸ್ಥಿರವಾದ ಕೈಯನ್ನು ನಾನು ಅಪರೂಪಕ್ಕೆ ನೋಡಿದ್ದು. ಸಕ್ಕರೆ 181 ಬಂತು. ಮೂರು ಅಂಕಿಗಳನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟೆ. ಅವರು ಅದನ್ನು ಮಡಿಸಿ ಲೋಟದೊಳಗೇ ಹಾಕಿ, ಲೋಟವನ್ನು ಚೀಲಕ್ಕಿಟ್ಟುಕೊಂಡರು.